ದಫೇದಾರ್ರು ನಿಂತಿದ್ದ ಜಾಗ

ನಮ್ಮೂರ ದಫೇದಾರ್ರು ಸತ್ತಿದ್ದು ಕಳ್ಳರ ಕೈಯಲ್ಲಲ್ಲ, ಲಾರಿಗೆ ಸಿಕ್ಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಡ್ಯೂಟಿ ಮೇಲೆ ಇದ್ದಾಗ ತೀರಿಕೊಂಡರು ಅಂದ ಕೂಡಲೇ ಜನ ಕೇಳುವುದು, "ಯಾರು ಹೊಡೆದ್ರು?" ಅಂತ. ಲಾರಿ ಅಂದರೆ, "ಓ, ಆಕ್ಸಿಡೆಂಟಾ" ಅಂತಾರೆ. ಅಲ್ಲಿಗೆ ಮಾತು ಮುಗೀತು.

ಅವರು ಹೆಡ್ ಕಾನ್‌ಸ್ಟೆಬಲ್. ನಮಗೆಲ್ಲ ದಫೇದಾರ್ರು. ಪೊಲೀಸ್ ಕ್ವಾರ್ಟರ್ಸ್ ಮಳೆಗೆ ಸೋರುತ್ತದೆ ಅಂತ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ದೇವರಂಥ ಮನುಷ್ಯ ಅಂತೇನೂ ಹೇಳಲ್ಲ. ಬಾಯಿ ಜೋರು. ಬೆಳಗ್ಗೆ ಬೆಳಗ್ಗೆಯೇ ಹಾಲಿನವನ ಜೊತೆ ಜಗಳ. ಆದರೆ ಹೊಲದ ಬದುವಿನ ಗಲಾಟೆ ಅಂತ ಠಾಣೆಗೆ ಬಂದ ಅಣ್ಣತಮ್ಮಂದಿರನ್ನು ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂರಿಸಿ, ಮಧ್ಯಾಹ್ನದವರೆಗೂ ತಿರುಗಿ ನೋಡುತ್ತಿರಲಿಲ್ಲ. "ಹಸಿವಾದ್ರೆ ಅರ್ಧ ಸಿಟ್ಟು ಇಳೀತದೆ, ಒಟ್ಟಿಗೆ ಊಟಕ್ಕೆ ಹೋದ್ರೆ ಪೂರ್ತಿ ಇಳೀತದೆ" ಅನ್ನುತ್ತಿದ್ದರು. ಎಷ್ಟೋ ಕೇಸು ಎಫ್‌ಐಆರ್ ಆಗದೇ ಹಾಗೇ ಮುಗಿದಿವೆ. ಅದು ಕಾನೂನು ಪ್ರಕಾರ ಸರಿಯೋ ತಪ್ಪೋ, ವಕೀಲರು ಹೇಳಬೇಕು.

ಗಣೇಶನ ಹಬ್ಬದಲ್ಲಿ ಹುಡುಗರಿಗೆ ಅವರೇ ವಿಲನ್. ರಾತ್ರಿ ಹತ್ತಾದ ಮೇಲೆ ಮೈಕ್ ಹಾಕುವಂತಿಲ್ಲ ಅನ್ನುವ ನಿಯಮ ನಮ್ಮೂರಿಗೆ ಗೊತ್ತಾಗಿದ್ದೇ ಅವರಿಂದ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಜನರೇಟರ್ ಪಕ್ಕ ಬಂದು ನಿಲ್ಲುತ್ತಿದ್ದರು. ಬಯ್ಯುತ್ತಿರಲಿಲ್ಲ, ವಾಚ್ ನೋಡುತ್ತಿದ್ದರು ಅಷ್ಟೆ.

ಆವತ್ತು ರಾತ್ರಿ ಜೋರು ಮಳೆ. ಊರ ಹೊರಗಿನ ತಿರುವಿನಲ್ಲಿ ಒಂದು ಆಟೋ ಮಗುಚಿತ್ತು. ಒಳಗೆ ಸಂತೆ ಮುಗಿಸಿ ಹೊರಟಿದ್ದ ತರಕಾರಿ ಮಾರುವ ಹೆಂಗಸರು. ರೌಂಡ್ಸ್‌ನಲ್ಲಿದ್ದ ದಫೇದಾರ್ರು, ಜೊತೆಗೊಬ್ಬ ಹೊಸ ಕಾನ್‌ಸ್ಟೆಬಲ್ ಮೊದಲು ಅಲ್ಲಿಗೆ ತಲುಪಿದರು. ಹಿಂದೆಯೇ ನಾವೂ ನಾಲ್ಕೈದು ಜನ ಹೋದೆವು. ಅಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ, ಆಟೋ ಕಡೆ ಓಡೋದು. ಎತ್ತಿ, ನೀರು ಕೊಡಿ, ಫೋನ್ ಮಾಡಿ. ದಫೇದಾರ್ರು ಆ ಹುಡುಗನಿಗೆ "ನೀನು ಇವರನ್ನ ನೋಡು" ಅಂದವರೇ ಟಾರ್ಚ್ ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ತಿರುವು ದಾಟಿ, ಬರುವ ಗಾಡಿಗಳಿಗೆ ಕಾಣುವ ಜಾಗದಲ್ಲಿ ನಿಂತರು. ಹೋಗುತ್ತಾ ಬೇಲಿಯಿಂದ ಒಂದು ಕೊಂಬೆ ಮುರಿದು ರಸ್ತೆಗೆ ಎಳೆದು ಹಾಕಿದ್ದರು.

ಅಪಘಾತ ಆದ ಜಾಗದಲ್ಲಿ ಎರಡನೇ ಅಪಘಾತ ಆಗೋದು ಹೀಗೇ ಅಂತೆ. ರಸ್ತೆ ಮಧ್ಯೆ ಜನ ಗುಂಪು ಕಟ್ಟಿರುತ್ತಾರೆ, ಹಿಂದಿನಿಂದ ಬರುವವನಿಗೆ ಅದು ಗೊತ್ತೇ ಇರಲ್ಲ. ಮಳೆಯಲ್ಲಿ, ಕತ್ತಲಲ್ಲಿ, ಬ್ರೇಕ್ ಹಾಕಿದರೂ ಗಾಡಿ ನಿಲ್ಲಲ್ಲ. ಅವತ್ತು ನಾವು ನಿಂತಿದ್ದ ಜಾಗಕ್ಕೆ ಬರಬೇಕಾದ ಲಾರಿ ಅವರ ಟಾರ್ಚ್ ನೋಡಿ ಬ್ರೇಕ್ ಹಾಕಿತು. ಜಾರಿತು. ಅವರನ್ನು ಹೊಡೆದು, ಕೊಂಬೆ ದಾಟಿ, ತಿರುವಿಗೆ ಮೊದಲೇ ನಿಂತಿತು. ಆಟೋದಲ್ಲಿದ್ದ ಹೆಂಗಸರು ಎಲ್ಲರೂ ಬದುಕಿದರು. ನಾವೂ.

ಡ್ರೈವರ್ ಓಡಿಹೋಗಲಿಲ್ಲ. ಕುಡಿದಿರಲೂ ಇಲ್ಲ. ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದ. ಹೊಡೆಯಲು ಹೋದವರನ್ನು ಆ ಹೊಸ ಕಾನ್‌ಸ್ಟೆಬಲ್ಲೇ ತಡೆದ. ಆಮೇಲೆ ಆಗಿನ ದಂಡಸಂಹಿತೆಯ (ಐಪಿಸಿ) 304ಎ ಅಡಿ ಕೇಸಾಯಿತು. ಅಜಾಗರೂಕತೆಯಿಂದಾದ ಸಾವು, ಆಗ ಅದಕ್ಕಿದ್ದದ್ದು ಹೆಚ್ಚೆಂದರೆ ಎರಡು ವರ್ಷ ಜೈಲು. ಊರಲ್ಲಿ ಕೆಲವರಿಗೆ ಇದು ಸಾಲದು ಅನ್ನಿಸಿತು. ಸಿಟ್ಟು ಮಾಡಿಕೊಳ್ಳಲು ಯಾರಾದರೂ ಬೇಕಿತ್ತು, ಆದರೆ ಅಲ್ಲಿ ಅಂಥವರು ಯಾರೂ ಇರಲಿಲ್ಲ.

ಆ ವರ್ಷ ಅಕ್ಟೋಬರ್ 21ಕ್ಕೆ ಅವರ ಹೆಂಡತಿಗೆ ಜಿಲ್ಲಾ ಕೇಂದ್ರದಿಂದ ಕರೆ ಬಂತು. ಪೊಲೀಸ್ ಹುತಾತ್ಮರ ದಿನ. "ನನಗೆ ಅಲ್ಲಿ ಒಬ್ರೂ ಗೊತ್ತಿಲ್ಲ, ನೀವೂ ಬನ್ನಿ" ಅಂದರು. ನಾನು, ನನ್ನ ಹೆಂಡತಿ ಜೊತೆಗೆ ಹೋದೆವು. ಆ ದಿನಕ್ಕೊಂದು ಹಿನ್ನೆಲೆ ಇದೆ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ನಮ್ಮ 10 ಪೊಲೀಸರು ಸತ್ತರು. ಅವರು ಹೋಗಿದ್ದು ಕಾಣೆಯಾದ ತಮ್ಮವರನ್ನು ಹುಡುಕಲು. ಆಗ ಆ ಗಡಿ ಕಾಯುತ್ತಿದ್ದವರು ಪೊಲೀಸರೇ. ಈಗ ಪ್ರತಿ ವರ್ಷ ಆ ದಿನ, ಹಿಂದಿನ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗೆ ಕರ್ತವ್ಯದಲ್ಲಿ ಸತ್ತವರ ಹೆಸರು ಓದುತ್ತಾರೆ.

ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುಗಳಿವೆ. 1992ರ ಆಗಸ್ಟ್‌ನಲ್ಲಿ ವೀರಪ್ಪನ್‌ಗೆ ಬಲಿಯಾದ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್. 2014ರಲ್ಲಿ ಕಲಬುರಗಿಯಲ್ಲಿ ಗುಂಡೇಟು ತಿಂದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ. ಆದರೆ 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ಅದೇ ವೀರಪ್ಪನ್ ದಾಳಿ ಮಾಡಿದಾಗ ಸತ್ತ ಐದು ಜನ ಪೊಲೀಸರ ಹೆಸರು ಕೇಳಿ ನೋಡಿ. ಯಾರಿಗೂ ಬಾಯಿಗೆ ಬರಲ್ಲ, ಅಲ್ವಾ? ಅಲ್ಲಂತೂ ವಿಲನ್ ಕೂಡ ಇದ್ದ.

ಮೈದಾನದಲ್ಲಿ ಎಸ್‌ಪಿ ಪಟ್ಟಿ ಓದಲು ಶುರು ಮಾಡಿದರು. ಹೆಸರು, ಹುದ್ದೆ, ಅಷ್ಟೇ. ಹೇಗೆ ಸತ್ತರು ಅಂತ ಓದುವುದಿಲ್ಲ. ಮೊದಲು ನನಗೆ ಇದೇನು ಹಾಜರಿ ಕೂಗಿದ ಹಾಗೆ ಅನ್ನಿಸಿತು. ಕೇಳ್ತಾ ಕೇಳ್ತಾ ಅದೇ ಸರಿ ಅನ್ನಿಸಿತು. ಗುಂಡಿಗೆ ಸಿಕ್ಕವರು, ನಕ್ಸಲರ ಬಾಂಬಿಗೆ ಸಿಕ್ಕವರು, ಬಂದೋಬಸ್ತಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು, ಲಾರಿಗೆ ಸಿಕ್ಕವರು, ಎಲ್ಲರಿಗೂ ಅಷ್ಟೇ ಹೊತ್ತು. ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ದಫೇದಾರ್ರ ಹೆಸರು ಬಂದಾಗ ಅವರ ಹೆಂಡತಿ ತಲೆ ಎತ್ತಿದರು. ಅಷ್ಟರಲ್ಲಿ ಮುಂದಿನ ಹೆಸರು. ಮೂರು ಸುತ್ತು ಗಾಳಿಯಲ್ಲಿ ಗುಂಡು, ಬ್ಯೂಗಲ್, ಹೂಗುಚ್ಛ. ಗುಂಡಿನ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು. ಇಬ್ಬರು ಕಾನ್‌ಸ್ಟೆಬಲ್‌ಗಳು ಬಿಸಿಲಿಗೆ ತಲೆ ಸುತ್ತಿ ಬಿದ್ದರು. "ಇವರು ಇದ್ದಿದ್ರೆ ಈ ಹುಡುಗರನ್ನ ಇಷ್ಟು ಹೊತ್ತು ನಿಲ್ಲಿಸಿದ್ದಕ್ಕೆ ಯಾರನ್ನಾದ್ರೂ ಬೈತಿದ್ರು" ಅಂದರು ಆಕೆ, ಕಣ್ಣೊರೆಸಿಕೊಳ್ಳುತ್ತಲೇ. ನಗು ಬಂತು. ಆಚೀಚೆ ಕೂತವರು ತಿರುಗಿ ನೋಡಿದರು.

ಟೀ ಕುಡಿಯುವಾಗ ಆಕೆ ಎಸ್‌ಪಿ ಹತ್ತಿರ ನೇರವಾಗಿ ಹೋದರು. ಅನುಕಂಪದ ನೌಕರಿಗೆ ಅರ್ಜಿ ಹಾಕಲು ಇರುವುದು ಒಂದೇ ವರ್ಷ, ಮಗನ ದಾಖಲೆ ಎಲ್ಲೋ ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುತ್ತಿತ್ತು. "ಕಚೇರಿ ಕೆಲಸ ಕೊಡಿ ಸಾರ್, ರೋಡಲ್ಲಿ ನಿಲ್ಲಿಸೋದು ಬೇಡ" ಅಂದರು. ಮಗನಿಗೆ ಯೂನಿಫಾರಂ ಬೇಕಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ತಾಯಿ ಮಗನಿಗೆ ಇದೇ ವಿಷಯಕ್ಕೆ ಜಗಳ. ನಾವು ಕಿಟಕಿ ನೋಡುತ್ತಾ ಕೂತೆವು.

ಕೊನೆಗೆ ತಾಯಿ ಮಾತೇ ನಡೆಯಿತು. ಅವನೀಗ ಗುಮಾಸ್ತ. ಹಿಂದಿನ ಹಬ್ಬಕ್ಕೆ ಊರಿಗೆ ಬಂದಾಗ ಸಿಕ್ಕಿದ್ದ. ಅನುಕಂಪದ ಫೈಲುಗಳು ಈಗ ಅವನ ಟೇಬಲ್ಲಿಗೇ ಬರುತ್ತವಂತೆ. ಯಾರಾದರೂ ಡ್ಯೂಟಿಯಲ್ಲಿ ತೀರಿಕೊಂಡರೆ ತಿಥಿ ಕಳೆದ ಮೇಲೆ ಮನೆಯವರಿಗೆ ಇವನೇ ಫೋನ್ ಮಾಡುತ್ತಾನಂತೆ, ಯಾವ್ಯಾವ ಕಾಗದ ಬೇಕು, ಯಾವತ್ತಿನೊಳಗೆ ಕೊಡಬೇಕು ಅಂತ. "ಹಾಗೆ ಫೋನ್ ಮಾಡಬೇಕು ಅಂತ ಯಾವ ರೂಲ್ಸೂ ಇಲ್ಲ ಅಂಕಲ್" ಅಂದ. "ಅದಕ್ಕೇ ಮಾಡ್ತೀನಿ."