ಮನಿಗೂ ಮಾರ್ಕ್ಸ್ ಕಾರ್ಡ್

ಲೆಸ್ಟರಿನಲ್ಲಿ ಹೊಸ ಮನೆ ಕೊಂಡಾಗ ಕೀಲಿಕೈಗಿಂತ ಮೊದಲು ನಮ್ಮ ಕೈಗೆ ಬಂದದ್ದು ಮನೆ ಎಷ್ಟು ಇಂಧನ ಉಳಿಸುತ್ತದೆಂದು ಹೇಳುವ ಒಂದು ಸರ್ಟಿಫಿಕೇಟು. ಎ ಯಿಂದ ಜಿ ವರೆಗೆ ಬಣ್ಣದ ಪಟ್ಟಿಗಳು, ನಮ್ಮದು ಬಿ. ಇಂಗ್ಲೆಂಡಿನಲ್ಲಿ ಇದಿಲ್ಲದೆ ಹೊಸ ಮನೆ ಮಾರುವಂತಿಲ್ಲ. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿರುವ ತಮ್ಮನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. "ಮನಿಗೂ ಮಾರ್ಕ್ಸ್ ಕಾರ್ಡ್ ಏನಣ್ಣ?" ಅಂದ.

ಪರೀಕ್ಷೆಯೂ ಇದೆ. ಮುಂಬಾಗಿಲ ಚೌಕಟ್ಟಿಗೆ ದೊಡ್ಡ ಫ್ಯಾನು ಕೂರಿಸಿ, ಗಾಳಿಕಿಂಡಿಗಳಿಗೆ ಟೇಪು ಹಚ್ಚಿ, 50 ಪಾಸ್ಕಲ್ ಒತ್ತಡದಲ್ಲಿ ಸಂದುಗೊಂದಿಗಳಿಂದ ಎಷ್ಟು ಗಾಳಿ ನುಸುಳುತ್ತದೆಂದು ಅಳೆಯುತ್ತಾರೆ. 2022ರ ಜೂನಿನಲ್ಲಿ ಜಾರಿಯಾದ ನಿಯಮದಂತೆ ಮನೆಯ ಹೊರಮೈಯ ಪ್ರತಿ ಚದರ ಮೀಟರಿಗೆ ಗಂಟೆಗೆ 8 ಘನ ಮೀಟರ್ ದಾಟಬಾರದು. ಬೆಚ್ಚಗಿಡಲು ಗೋಡೆಯೊಳಗೆ ತುಂಬುವ ಹೊದಿಕೆಯನ್ನು ಮುಚ್ಚುವ ಮೊದಲು ಫೋಟೊ ತೆಗೆದಿಡಬೇಕು. ಇದೊಂದು ಮಾತು ತಮ್ಮನಿಗೆ ಬಹಳ ಹಿಡಿಸಿತು. ಮರುದಿನದಿಂದ ಕಬ್ಬಿಣದ ಸಳಿಗಳ ಫೋಟೊಗಳು ನನ್ನ ಫೋನಿಗೆ ಬಂದು ಬೀಳತೊಡಗಿದವು.

"ಗಾಳಿ ಬರಲಾರದಂಗ ಮನಿ ಕಟ್ಟಿದ್ರ ಮಾರ್ಕ್ಸ್ ಜಾಸ್ತಿ ಕೊಡ್ತಾರೇನು?" ಇದು ಅವ್ವನ ಪ್ರಶ್ನೆ. ಮೊದಲ ವಾರ ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಮೂರು ಕೋಣೆಯವರೂ ಕೆಮ್ಮಿದ್ದನ್ನು ನಾನು ಹೇಳಲಿಲ್ಲ.

ಇಲ್ಲಿಯ ಲೆಕ್ಕವೆಲ್ಲ ಚಳಿಯದು. 2022ರ ಜುಲೈ 19ರಂದು ಲಿಂಕನ್‌ಶೈರಿನ ಕನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಮುಟ್ಟಿ ದಾಖಲೆಯಾಯಿತು. ಆಗ ನಾವು ಬಾಡಿಗೆ ಮನೆಯಲ್ಲಿದ್ದೆವು. ಕಲಬುರಗಿಯ ಮೇ ತಿಂಗಳಿಗೆ ಜಗ್ಗದ ನಾನು ಅಂದು ಬಚ್ಚಲ ನೆಲದ ಮೇಲೆ ಮಲಗಿದೆ. ಛಜ್ಜಾ ಇಲ್ಲ, ಸೀಲಿಂಗ್ ಫ್ಯಾನಿಲ್ಲ, ಒಳಹೊಕ್ಕ ಬಿಸಿ ಹೊರಗೆ ಹೋಗುವುದಿಲ್ಲ. ಹೊಸ ಮನೆ ವಿಪರೀತ ಕಾಯದಂತೆ ಗಾಜಿಗೆ ಮಿತಿ ಹಾಕುವ ನಿಯಮವೂ ಆ ಜೂನಿನಲ್ಲೇ ಬಂದಿತ್ತು. ನಮ್ಮ ಹಳೆಯ ಮನೆಗೆ ಅದರಿಂದೇನು ಬಂತು!

ಅಂದು ನೆನಪಾದದ್ದು ಚಿತ್ತಾಪುರದ ಅಜ್ಜನ ಮನೆ. ಎರಡು ಮೊಳ ದಪ್ಪದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಧ್ಯಾಹ್ನ ಅಂಗಿ ಕಳಚಿ ಪಡಸಾಲೆಯ ಶಹಾಬಾದಿ ಪರ್ಸಿ ಮೇಲೆ ಬೆನ್ನು ಹಚ್ಚಿದರೆ ಎದ್ದೇಳುವ ಮನಸ್ಸಾಗುತ್ತಿರಲಿಲ್ಲ. ಹಗಲಿನ ಬಿಸಿ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿ. ಅಷ್ಟೊತ್ತಿಗೆ ನಾವೆಲ್ಲ ಮಾಳಿಗೆ ಮೇಲೆ. ಫ್ಯಾನಿನ ಪರೀಕ್ಷೆಯಲ್ಲಿ ಆ ಮನೆ ಬೆಳಕಿಂಡಿಯೊಂದರಿಂದಲೇ ಫೇಲು.

ತಮ್ಮನ ನಕ್ಷೆಯಲ್ಲಿ ಮಾತ್ರ ಪಡುವಣಕ್ಕೆ ನೆಲದಿಂದ ಸ್ಲ್ಯಾಬಿನವರೆಗೆ ಗಾಜು. ನಮ್ಮ ದೇಶದಲ್ಲೂ 2018ರ ಇಕೋ ನಿವಾಸ ಸಂಹಿತೆ ಇದೆ, ಗೋಡೆ ಕಿಟಕಿಗಳಿಂದ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎನ್ನುತ್ತದೆ ಅಂದೆ. ಅವನು ಎಂಜಿನಿಯರನ್ನು ಕೇಳಿದನಂತೆ. "ವಾಸ್ತು ಪ್ರಕಾರನೇ ಅದರಿ" ಎಂಬ ಉತ್ತರ ಬಂತಂತೆ.

ಜಗಳಾಡಿ ಗಾಜು ಅರ್ಧಕ್ಕೆ ಇಳಿಸಿದ್ದೇನೆ. ಛಜ್ಜಾ ಎರಡಡಿ ಮುಂದೆ ಬಂದಿದೆ. ಮಾಳಿಗೆಗೆ ಬಿಳಿ ಬಣ್ಣ ಹಚ್ಚುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸಂಡಿಗೆ ಹಾಕಲು ಹೋದರೆ ಕಣ್ಣು ಕುಕ್ಕುತ್ತದೆ ಎಂದು ಅವ್ವನ ತಕರಾರು.