ಹೊಳ್ಳಿ ಬರ್ರಿ

2009ರ ಜುಲೈನಲ್ಲಿ ನಾನು ನಮ್ಮ ಕಾಲೇಜಿನ ರೋಟರಾಕ್ಟ್ ಕ್ಲಬ್, ಅಂದರೆ ರೋಟರಿ ಸಂಸ್ಥೆಯ ಯುವಜನರ ಸೇವಾ ಸಂಘ, ಸೇರಿದೆ. ಆಗ ಬಿ.ಎಸ್ಸಿ. ಎರಡನೇ ವರ್ಷ. ಊರು ಇನ್ನೂ ಬಿಜಾಪುರ. ವಿಜಯಪುರ ಆಗಿದ್ದು 2014ರ ನವೆಂಬರ್ 1ರಂದು. ರೋಟರಿಯವರ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸೇರಲು ಹದಿನೆಂಟು ತುಂಬಿರಬೇಕಿತ್ತು. ನನಗೆ ಮೇ ತಿಂಗಳಲ್ಲಷ್ಟೇ ತುಂಬಿತ್ತು. ಗೆಳತಿ ಹೆಸರು ಕೊಟ್ಟಳು, ಅವಳ ಹಿಂದೆ ನಾನೂ ಕೊಟ್ಟೆ. ಮೊದಲ ಎರಡು ತಿಂಗಳು ಸಭೆ ಮಾಡಿದೆವು, ಗಿಡ ನೆಟ್ಟೆವು. ಅಷ್ಟೇ.

ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು.

ನಮ್ಮ ಕಡೆ ಮಳೆಗೆ ಕಾದು ಗೊತ್ತು, ಮಳೆ ನಿಲ್ಲಲಿ ಎಂದು ಕಾದು ಗೊತ್ತಿರಲಿಲ್ಲ. ಹಳ್ಳಿಮನೆಗಳ ಮಾಳಿಗೆ ಮಣ್ಣಿನದು. ಬಿಸಿಲಿಗೆ ಅದರಷ್ಟು ತಂಪು ಬೇರೆ ಇಲ್ಲ. ಆದರೆ ದಿನಗಟ್ಟಲೆ ನೀರು ಕುಡಿದರೆ ಅದೇ ಮಣ್ಣು ಭಾರವಾಗಿ ತೊಲೆ ಸಮೇತ ಕೆಳಗೆ ಬರುತ್ತದೆ. ಆ ವಾರ ಉತ್ತರ ಕರ್ನಾಟಕದಲ್ಲಿ ಎಷ್ಟೋ ಜನ ಮನೆ ಬಿದ್ದೇ ಸತ್ತರು. ಡೋಣಿ ಹೊಳೆಯ ದಂಡೆಯ ಹೊಲಗಳ ಬಗ್ಗೆ "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂದು ನಮ್ಮಲ್ಲಿ ಮಾತಿದೆ. ಆ ಸಲ ಹಿಂಗಾರಿ ಬಿತ್ತುವ ಹೊತ್ತಿಗೆ ಡೋಣಿ ಹೊಳೆ ಹೊಲದ ಮೇಲೇ ಹರಿದುಬಿಟ್ಟಿತ್ತು.

ನಾವು ಗಾಂಧಿ ಚೌಕದಲ್ಲಿ ಡಬ್ಬಿ ಹಿಡಿದು ನಿಂತೆವು. ಮನೆಮನೆಯಿಂದ ಬಟ್ಟೆ, ಜೋಳದ ಹಿಟ್ಟು ಕೂಡಿಸಿದೆವು. ಒಂದು ಟೆಂಪೋ ತುಂಬಿಸಿಕೊಂಡು ಡೋಣಿ ದಂಡೆಯ ಒಂದು ಹಳ್ಳಿಗೆ ಹೋದೆವು. ಜನ ಶಾಲೆಯಲ್ಲಿ ಇದ್ದರು. ಸಾಲಾಗಿ ಬಂದು ತಗೊಂಡರು. ನಮಗೆ ಸಮಾಧಾನವಾಯಿತು, ಹೊರಡಲು ಎದ್ದೆವು. ಆಗ ಒಬ್ಬ ಅಜ್ಜಿ ಹಿಟ್ಟಿನ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು, "ಹಿಟ್ಟು ಕೊಟ್ರಿ, ಚಲೋ ಆತು. ಹಂಚು ಎಲ್ಲೈತಿ ನನ್ನವ್ವ?"

ರೊಟ್ಟಿ ಬೇಯಿಸುವ ಹಂಚು, ಹಿಟ್ಟು ನಾದುವ ಕೊಣಮಿಗಿ ಎಲ್ಲ ಗೋಡೆಯ ಕೆಳಗೆ ಹೋಗಿದ್ದವು. ರೊಟ್ಟಿ ಬಡಿಯಲು ಏನೇನು ಬೇಕು ಅಂತ ನಮ್ಮಲ್ಲಿ ಒಬ್ಬರೂ ಯೋಚನೆ ಮಾಡಿರಲಿಲ್ಲ. ರೊಟ್ಟಿ ತಿಂದೇ ಬೆಳೆದವರು ನಾವು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ಮತ್ತೆ ಹೋದೆವು. ಈ ಸಲ ಹಂಚು, ಬೋಗುಣಿ, ಸ್ಟೋವ್, ಕಡ್ಡಿಪೆಟ್ಟಿಗೆ ಒಯ್ದಿದ್ದೆವು. ಹೋಗುವ ಮುಂಚೆ ಯಾರಿಗೆ ಏನು ಬೇಕು ಎಂದು ಫೋನ್ ಮಾಡಿ ಕೇಳಿ ಬರೆದುಕೊಂಡಿದ್ದೆವು. ಆ ಪಟ್ಟಿಗಾಗಿ ಒಂದು ಉದ್ದನೆಯ ರಿಜಿಸ್ಟರ್ ತಂದೆವು. ಕೊನೆಯ ಅಂಕಣಕ್ಕೆ ನಮ್ಮ ಕಾರ್ಯದರ್ಶಿ ತನ್ನ ಮಾತಿನಲ್ಲೇ ಹೆಸರಿಟ್ಟ: "ಹೊಳ್ಳಿ". ಮರಳಿ ಹೋಗಬೇಕಾದ ಮನೆ ಅಂತ ಅರ್ಥ.

ಡಿಸೆಂಬರ್‌ನಲ್ಲಿ ರಕ್ತದಾನ ಶಿಬಿರ ಮಾಡಿದೆವು. ಬೆರಳ ತುದಿಯ ಒಂದು ಹನಿಯನ್ನು ನೀಲಿ ಮೈಲುತುತ್ತದ ನೀರಿಗೆ ಬಿಡುತ್ತಾರೆ. ಹನಿ ಮುಳುಗಿದರೆ ರಕ್ತ ಗಟ್ಟಿ ಇದೆ ಎಂದರ್ಥ. ನನ್ನ ಹನಿ ತೇಲಿತು. ಹಿಮೋಗ್ಲೋಬಿನ್ 12.5 ಇರಬೇಕು, ನನಗೆ ಅಷ್ಟಿರಲಿಲ್ಲ. ಅವ್ವ ಮೂರು ತಿಂಗಳು ನುಗ್ಗೆ ಸೊಪ್ಪು, ಶೇಂಗಾ, ಬೆಲ್ಲ ತಿನ್ನಿಸಿದಳು. ಮಾರ್ಚ್‌ನಲ್ಲಿ ಹನಿ ಮುಳುಗಿತು. 350 ಮಿಲಿಲೀಟರ್ ಕೊಟ್ಟು ಬಂದೆ.

ಆದರೆ ಆ ವರ್ಷ ಎಂದರೆ ನನಗೆ ಮೊದಲು ನೆನಪಾಗುವುದು ಜನವರಿಯ ಪೋಲಿಯೋ ಕೆಲಸ. ರೋಟರಿ 1985ರಿಂದ ಪೋಲಿಯೋ ಹಿಂದೆ ಬಿದ್ದ ಸಂಸ್ಥೆ. ಹಾಗಾಗಿ ನಮ್ಮ ಪಾಲಿಗೂ ಅದು ಬಂತು. ಭಾನುವಾರ ಬೂತ್. ಸೋಮವಾರದಿಂದ ಮನೆ ಮನೆ. ನನ್ನನ್ನು ಒಬ್ಬ ಅಂಗನವಾಡಿ ಅಕ್ಕಾರ ಜೊತೆ ಹಾಕಿದರು. ಗೋಳಗುಮ್ಮಟದ ಹಿಂದಿನ ಓಣಿಗಳು ನಮ್ಮವು.

ಹೆಗಲಿಗೆ ಲಸಿಕೆಯ ನೀಲಿ ಡಬ್ಬಿ, ಒಳಗೆ ನಾಲ್ಕು ಐಸ್ ಪ್ಯಾಕ್. ಪ್ರತಿ ಸೀಸೆಯ ಚೀಟಿಯ ಮೇಲೆ ಒಂದು ವೃತ್ತ, ಅದರೊಳಗೆ ಬಿಳಿ ಚೌಕ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಸೀಸೆ ಬಿಸಾಡಬೇಕು. ಅಕ್ಕಾರು ಪ್ರತಿ ಸಲ ಸೀಸೆ ಎತ್ತಿದಾಗಲೂ ಮೊದಲು ಆ ಚೌಕ ನೋಡುತ್ತಿದ್ದರು. ಐದು ವರ್ಷದೊಳಗಿನ ಮಗುವಿಗೆ ಎರಡು ಹನಿ. ಎಡಗೈ ಕಿರುಬೆರಳಿಗೆ ಮಸಿ. ಎಲ್ಲ ಮಕ್ಕಳಿಗೂ ಹಾಕಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ 'ಪಿ'. ಒಂದು ಮಗು ಬಿಟ್ಟುಹೋದರೂ 'ಎಕ್ಸ್'.

ನಾನು ಪಿ ಮನೆಗಳನ್ನು ಎಣಿಸುತ್ತಿದ್ದೆ. ಅಕ್ಕಾರು ತಡೆದರು. "ಅವು ಆದ್ವು ಬಿಡವ್ವ. ಎಕ್ಸ್ ಎಷ್ಟು ಅದಾವ ಹೇಳು."

ಒಂದು ಎಕ್ಸ್ ಮನೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಸಿರು ಬಾಗಿಲು, ಮುಂದೆ ಒಂದು ಆಡು. ಮುಂಜಾನೆ ಹೋದರೆ ಬೀಗ. ಸಂಜೆ ಹೋದಾಗ ಅಜ್ಜಿ ಬಾಗಿಲ ಸಂದಿಯಿಂದಲೇ, "ಕೂಸಿನ ಅವ್ವ ಇಲ್ಲ, ನಾಳೆ ಹೊಳ್ಳಿ ಬರ್ರಿ" ಎಂದಳು. ಒಳಗೆ ಕೂಸು ಅಳುವುದು ಕೇಳುತ್ತಿತ್ತು. ನನಗೆ ಸಿಟ್ಟು ಬಂತು. ಅಕ್ಕಾರು ಮಾತ್ರ "ಆಗ್ಲಿ ಆಯಿ, ಬರ್ತೀವಿ" ಎಂದು ಹೊರಟರು.

ಮರುದಿನ ಹೋದಾಗ ಅವರು ಹನಿಯ ಮಾತೇ ಎತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತರು. ಆಡು ಎಷ್ಟು ಹಾಲು ಕೊಡ್ತೈತಿ ಎಂದು ಕೇಳಿದರು. ಸಿದ್ಧೇಶ್ವರ ಜಾತ್ರೆಯ ಮಾತು ಬಂತು. ನಾನು ಗಡಿಯಾರ ನೋಡುತ್ತಿದ್ದೆ. ಅರ್ಧ ಗಂಟೆಯ ಮೇಲೆ ಅಜ್ಜಿ ತಾನಾಗೇ ಬಾಯಿ ಬಿಟ್ಟಳು. ಹಿಂದೆ ಯಾವುದೋ ಸೂಜಿ ಹಾಕಿಸಿದ ಮೇಲೆ ಕೂಸಿಗೆ ಎರಡು ದಿನ ಜ್ವರ ಬಂದಿತ್ತು. ಅವತ್ತು ಸೊಸೆ ಹೊಲಕ್ಕೆ ಕೂಲಿಗೆ ಹೋಗಿದ್ದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ರಾತ್ರಿಯೆಲ್ಲ ಎಚ್ಚರ ಇದ್ದವಳು ಈ ಅಜ್ಜಿಯೇ. ಹೆದರಿಕೆ ಅಲ್ಲಿಂದ ಬಂದದ್ದು. ಅದನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲೇ ಇಲ್ಲ, ಅಲ್ವಾ?

ಇದು ಸೂಜಿ ಅಲ್ಲ, ಬರೀ ಎರಡು ಹನಿ ಎಂದು ಅಕ್ಕಾರು ಸೀಸೆ ಕೈಗೆ ಕೊಟ್ಟು ತೋರಿಸಿದರು. ಕೂಸಿಗೆ ಮೈ ಬೆಚ್ಚಗಾದರೆ ತಮ್ಮನ್ನು ಕರೆಯಿರಿ ಎಂದು ಅಂಗನವಾಡಿ ಎಲ್ಲಿದೆ ಹೇಳಿದರು. ಅಜ್ಜಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಬಾಯಿ ಒತ್ತಿ ಹಿಡಿದವಳು ನಾನು. ಕಿರುಬೆರಳಿಗೆ ಮಸಿ ಹಚ್ಚಿದವಳೂ ನಾನೇ. ನನ್ನ ಕೈ ನಡುಗುತ್ತಿತ್ತು.

ಮಾರನೇ ದಿನ ಅಕ್ಕಾರು ಮತ್ತೆ ಆ ಮನೆಗೆ ಹೋದರು. ಪಿ ಆದ ಮನೆಗೆ ಯಾಕೆ ಎಂದು ಕೇಳಿದೆ. "ಜ್ವರ ಬಂದೈತೇನು ನೋಡಬೇಕಲ್ಲ" ಎಂದರು. ಬಂದಿರಲಿಲ್ಲ.

ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ರದ್ದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವೂ ಸೇರಿದ ಇಡೀ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತ ಎಂದು ಸಾರಿತು. ನಾನಾಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಸುದ್ದಿ ಓದಿದ ಕೂಡಲೇ ಅಕ್ಕಾರಿಗೆ ಫೋನ್ ಮಾಡಿದೆ. ಅವರು ಆಗಲೂ ಯಾವುದೋ ಓಣಿಯಲ್ಲಿದ್ದರು. "ಆಮ್ಯಾಲೆ ಮಾತಾಡ್ತೀನಿ ತಂಗಿ, ಒಂದು ಮನಿ ಉಳದೈತಿ" ಎಂದು ಇಟ್ಟರು.

2010ರ ಜೂನ್ 30ರಂದು ನಾವು ಆ ರಿಜಿಸ್ಟರನ್ನು ಮುಂದಿನ ತಂಡದ ಕೈಗೆ ಕೊಟ್ಟೆವು. "ಹೊಳ್ಳಿ" ಅಂಕಣದಲ್ಲಿ ಇನ್ನೂ ಏಳು ಮನೆ ಬಾಕಿ ಇದ್ದವು, ಹೆಚ್ಚಿನವು ಡೋಣಿ ದಂಡೆಯವು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ ಅದು. ಈಗ ಕಾಲೇಜಿನಲ್ಲಿ ಓದುತ್ತಿರುವವರು ಹಳೆಯ ಕಪಾಟಿನಲ್ಲಿ ಒಮ್ಮೆ ಹುಡುಕಿ ನೋಡಿ. ಸಿಕ್ಕರೆ ಕೊನೆಯ ಪುಟ ತೆಗೆಯಿರಿ. ಆ ಏಳು ಮನೆಗೆ ಯಾರಾದರೂ ಹೋದರಾ ಎಂದು ನನಗೆ ತಿಳಿಸಿ.