ಡೆಮೊ ದಿನ ಮೌಸ್ ಯಾರ ಕೈಯಲ್ಲಿರಬೇಕು?

ಸಾಫ್ಟ್‌ವೇರ್ ಕೊಳ್ಳುವ ತೀರ್ಮಾನ ಕಾಗದದ ಮೇಲೆ ಯಾವತ್ತೇ ಆಗಲಿ, ಮನಸ್ಸಿನಲ್ಲಿ ಆಗುವುದು ಕಂಪನಿಯವರು ಅದನ್ನು ನಡೆಸಿ ತೋರಿಸುವ ಡೆಮೊ ದಿನವೇ. ಆ ದಿನವನ್ನು ಮಾರಲು ಬಂದವರ ಕೈಗೆ ಬಿಟ್ಟರೆ ಅವರ ಸ್ಯಾಂಪಲ್ ಡೇಟಾ ನೋಡಿ ಮರುಳಾಗುತ್ತೇವೆ. ಅದರಲ್ಲಿ ಪ್ರತಿ ಬಿಲ್ಲೂ ತಾಳೆಯಾಗುತ್ತದೆ. ನಮ್ಮ ಕಚೇರಿಯ ಡೇಟಾ ಎಂದೂ ಹಾಗಿರುವುದಿಲ್ಲ.

ಡೆಮೊಗೆ ಮೂರು ಕಂಪನಿ ಸಾಕು. ಉಳಿದವನ್ನು ನಾಲ್ಕೈದು ಕಡ್ಡಾಯ ಪ್ರಶ್ನೆ ಕೇಳಿ ಫೋನಿನಲ್ಲೇ ಕೈಬಿಡಬಹುದು. ಇನ್ನೂರು ಸಾಲಿನ ಫೀಚರ್ ಪಟ್ಟಿ ಕಳಿಸುವುದು ದಂಡ. ಎಲ್ಲರೂ ಎಲ್ಲದಕ್ಕೂ ‘ಹೌದು’ ಎಂದೇ ಬರೆಯುತ್ತಾರೆ.

ವಾರ ಮೊದಲೇ ಮೂವರಿಗೂ ಒಂದೇ ಸ್ಕ್ರಿಪ್ಟ್ ಕೊಡಿ: ಐದು ಕೆಲಸ, 90 ನಿಮಿಷ, ಹೆಸರು-ನಂಬರ್ ಬದಲಿಸಿದ ನಿಮ್ಮದೇ ಡೇಟಾದ ಐವತ್ತು ಸಾಲು. ಎರಡು ಸಲ ನಮೂದಾದ ಗ್ರಾಹಕ, ಅರ್ಧ ಪಾವತಿಯಾದ ಬಿಲ್, ಮಂಜೂರಾದ ಮೇಲೆ ರದ್ದಾದ ಆರ್ಡರ್ ಅದರಲ್ಲಿ ಬೇಕೆಂದೇ ಇರಲಿ. ಹೊಸ ಆರ್ಡರ್ ಹಾಕುವುದನ್ನು ಎಲ್ಲರೂ ಸಲೀಸಾಗಿ ತೋರಿಸುತ್ತಾರೆ, ತಡವರಿಸುವುದು ರದ್ದು ಮಾಡುವಾಗ. ‘ಆಗುತ್ತೆ ಸರ್’ ಎಂದರೆ ಬಿಡಬೇಡಿ. ಈಗಲೇ ಇದೆಯೋ, ಸೆಟ್ಟಿಂಗ್ ಬದಲಿಸಬೇಕೋ, ಕೋಡ್ ಬರೆಯಬೇಕೋ ಎಂದು ಕೇಳಿ ಬರೆದುಕೊಳ್ಳಿ. ಕೋಡ್ ಬರೆಸಿದ ಭಾಗವನ್ನು ಪ್ರತಿ ಅಪ್‌ಗ್ರೇಡ್‌ನಲ್ಲೂ ಮತ್ತೆ ಪರೀಕ್ಷಿಸಬೇಕು, ಖರ್ಚು ಒಂದೇ ಸಲಕ್ಕೆ ಮುಗಿಯದು. ಕೊನೆಯ 20 ನಿಮಿಷ, ದಿನವೂ ಅದರಲ್ಲಿ ಕೆಲಸ ಮಾಡಬೇಕಾದವರ ಕೈಗೆ ಮೌಸ್ ಹೋಗಲಿ.

ಡೆಮೊ ಮುಗಿದೊಡನೆ, ಯಾರೂ ಬಾಯಿ ಬಿಡುವ ಮುನ್ನ, ಒಬ್ಬೊಬ್ಬರೂ ಅಂಕ ಬರೆದಿಡಬೇಕು. ಮೇಲಧಿಕಾರಿ ‘ಚೆನ್ನಾಗಿದೆ ಅಲ್ವಾ?’ ಎಂದ ಮೇಲೆ ಹಾಳೆಗಳಲ್ಲಿ ಬರುವುದು ಅವರೊಬ್ಬರ ಅಂಕ.

ಬೆಲೆಯನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ: ಲೈಸೆನ್ಸ್, ಹಳೆಯ ಡೇಟಾ ವರ್ಗಾವಣೆ, ತರಬೇತಿ, ನವೀಕರಣದಲ್ಲಿ ಏರುವ ದರ. ಏರಿಕೆಗೆ ಮಿತಿ ಹಾಕಿಸಲು ಸಹಿಗೆ ಮುಂಚೆ ಮಾತ್ರ ಬಲವಿರುತ್ತದೆ. ಶೇಕಡಾ 99.9 ಅಪ್‌ಟೈಮ್ (ಸಾಫ್ಟ್‌ವೇರ್ ನಿಲ್ಲದೆ ನಡೆಯುವ ಹೊತ್ತು) ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲುಗಡೆ, 99.5 ಆದರೆ ಸುಮಾರು 44 ಗಂಟೆ. ಮೊದಲೇ ತಿಳಿಸಿದ ನಿರ್ವಹಣೆಯ ಹೊತ್ತು ಇದರೊಳಗೋ ಹೊರಗೋ ಎಂಬುದನ್ನೂ ಓದಿ. ಮಾಹಿತಿ ಸುರಕ್ಷತೆಯ ಐಎಸ್‌ಒ 27001 ಪ್ರಮಾಣಪತ್ರ ತೋರಿಸಿದರೆ ಅದರ ವ್ಯಾಪ್ತಿಯ ಸಾಲು ನೋಡಿ. ನೀವು ಕೊಳ್ಳುವ ಉತ್ಪನ್ನ ಅದರಲ್ಲಿ ಇಲ್ಲದೆಯೂ ಇರಬಹುದು.

ಡೆಮೊದಲ್ಲೇ ಡೇಟಾವನ್ನು ಹೊರಗಿನ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿಸಿ, ಫೈಲ್ ತೆರೆದು ನೋಡಿ. ಸಾಲುಗಳು ಬರುತ್ತವೆ, ಆದರೆ ಲಗತ್ತುಗಳು, ಯಾರು ಯಾವಾಗ ಬದಲಿಸಿದರೆಂಬ ದಾಖಲೆ ಹಲವು ಸಲ ಬರುವುದಿಲ್ಲ. ಒಪ್ಪಂದ ಮುಗಿದ ಮೇಲೆ ಇವೆಲ್ಲ ಎಷ್ಟು ದಿನದೊಳಗೆ, ಯಾವ ರೂಪದಲ್ಲಿ, ಯಾರ ಖರ್ಚಿನಲ್ಲಿ ಕೈಸೇರಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.